ಕಣಜ ಸಾಲದ ಸಾಹುಕಾರ

ಸಾಹುಕಾರನೊಬ್ಬನ ಹೊಲದಲ್ಲಿ ಆ ವರ್ಷ ಬೆಳೆ ಹುಲುಸಾಗಿ ಬಂತು. ಇದ್ದ ಕಣಜಗಳು ಸಾಲಲಿಲ್ಲ. ಅವನ್ನು ಕೆಡವಿ ದೊಡ್ಡವನ್ನು ಕಟ್ಟಿಸಬೇಕು, ಆಮೇಲೆ ಉಂಡು ಕುಡಿದು ವರ್ಷಗಟ್ಟಲೆ ಹಾಯಾಗಿರಬೇಕು ಎಂದು ಅವನು ಲೆಕ್ಕ ಹಾಕಿದ. ಅದೇ ರಾತ್ರಿ ಅವನಿಗೆ ಸಾವಿನ ಕರೆ ಬಂತು. ಕೂಡಿಟ್ಟದ್ದೆಲ್ಲ ಇನ್ನು ಯಾರ ಪಾಲು ಎಂದು ದೇವರು ಅವನನ್ನು ಕೇಳುತ್ತಾನೆ.

ಲೂಕನ ಸುವಾರ್ತೆಯ 12ನೇ ಅಧ್ಯಾಯದ ಈ ಸಾಮತಿಯನ್ನು ಯೇಸು ಹೇಳಿದ್ದು, ಸೋದರನಿಂದ ಆಸ್ತಿಯಲ್ಲಿ ಪಾಲು ಕೊಡಿಸಬೇಕೆಂದು ಒಬ್ಬಾತ ಕೇಳಿಕೊಂಡಾಗ. ಕಥೆಯ ಸಾಹುಕಾರ ಕಳ್ಳನಲ್ಲ, ವಂಚಕನೂ ಅಲ್ಲ. ಹಾಗಾದರೆ ಅವನ ತಪ್ಪೇನು? ಆರಂಭದ ಶತಮಾನಗಳ ಕ್ರೈಸ್ತ ಚಿಂತಕರನ್ನು ಇಂಥ ಪ್ರಶ್ನೆಗಳು ಕಾಡಿದವು.

ಉತ್ತರಗಳು ಒಂದೇ ಬಗೆಯವಲ್ಲ. ಸುಮಾರು ಕ್ರಿ.ಶ. 200ರಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಸಂಪತ್ತು ಬರೀ ಸಾಧನ, ಬಿಡಬೇಕಾದದ್ದು ಅದರ ಮೇಲಿನ ವ್ಯಾಮೋಹ ಎಂದ. ಸುಮಾರು 270ರಲ್ಲಿ ಈಜಿಪ್ಟಿನ ಆಂಟನಿ, ಇದ್ದದ್ದನ್ನು ಮಾರಿ ಬಡವರಿಗೆ ಕೊಡು ಎಂಬ ಬೋಧನೆಯನ್ನು ಕೇಳಿ ಹೊಲಮನೆಗಳನ್ನೇ ತೊರೆದು ತಪಸ್ವಿಯಾದ.

ಆದರೆ ಕಣಜದ ಕಥೆ ಅಕ್ಷರಶಃ ಕಣ್ಣೆದುರು ನಿಂತದ್ದು ಕಪ್ಪದೋಕಿಯದ ಕೈಸರಿಯದಲ್ಲಿ. ಇಂದಿನ ಟರ್ಕಿಯ ಕೈಸೇರಿಯೇ ಆ ನಗರ. ಸುಮಾರು 369ರಲ್ಲಿ ಮಳೆ ಕೈಕೊಟ್ಟು ಅಲ್ಲಿ ಭೀಕರ ಬರ ಬಿತ್ತು. ಸಮುದ್ರದಿಂದ ದೂರವಿದ್ದ ಊರಿಗೆ ಹಡಗಿನಲ್ಲಿ ಧಾನ್ಯ ತರಿಸುವಂತಿರಲಿಲ್ಲ. ದಾಸ್ತಾನು ಇದ್ದವರು ಬೆಲೆ ಏರುವುದನ್ನೇ ಕಾದು ಕುಳಿತರು.

ಆಗ ಅಲ್ಲಿ ಪಾದ್ರಿಯಾಗಿದ್ದವನು ಬೆಸಿಲ್. ಅವನೂ ಜಮೀನುದಾರರ ಮನೆತನದವನೇ. ಇದೇ ಸಾಮತಿಯನ್ನು ಮುಂದಿಟ್ಟುಕೊಂಡು ಅವನು ಉಪದೇಶ ಮಾಡಿದ. ಬಳಸದೆ ಬಚ್ಚಿಟ್ಟ ರೊಟ್ಟಿ ಹಸಿದವನಿಗೆ ಸೇರಿದ್ದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬಟ್ಟೆಯಿಲ್ಲದವನದು ಎಂಬುದು ಅವನ ವಾದ. ಬಡವರ ಹೊಟ್ಟೆಯೇ ಸಾಹುಕಾರನಿಗೆ ಬೇಕಿದ್ದ ಕಣಜ ಎಂಬುದು ತಾತ್ಪರ್ಯ. ಹಾಗೆ ನೋಡಿದರೆ ದಾನ ಉಪಕಾರವಲ್ಲ, ಸಾಲ ತೀರಿಸಿದಂತೆ.

ಮಾತಿಗೆ ಕೃತಿಯೂ ಜೊತೆಯಾಯಿತು. ಬೆಸಿಲ್ ತನ್ನ ಪಿತ್ರಾರ್ಜಿತ ಆಸ್ತಿಯನ್ನು ಬಡವರಿಗಾಗಿ ವಿನಿಯೋಗಿಸಿದ. ಅವನ ಉಪದೇಶದಿಂದ ಸಿರಿವಂತರ ಉಗ್ರಾಣಗಳು ತೆರೆದವು, ಹಸಿದವರನ್ನು ಒಂದೆಡೆ ಸೇರಿಸಿ ಗಂಜಿ ಬಡಿಸಲಾಯಿತು ಎಂದು ಗೆಳೆಯ ನಾಜಿಯಾಂಜಸ್‌ನ ಗ್ರೆಗರಿ ಹೇಳಿದ್ದಾನೆ. 370ರಲ್ಲಿ ಬಿಷಪ್ ಆದ ಬೆಸಿಲ್, ನಗರದ ಹೊರಗೆ ರೋಗಿಗಳು, ಬಡವರು ಹಾಗೂ ಪ್ರಯಾಣಿಕರಿಗಾಗಿ ಆಶ್ರಯಧಾಮವನ್ನೇ ಕಟ್ಟಿಸಿದ. ಕುಷ್ಠರೋಗಿಗಳಿಗೂ ಅಲ್ಲಿ ಜಾಗವಿತ್ತು.

ಒಬ್ಬ ಎಷ್ಟು ಆಸ್ತಿ ಇಟ್ಟುಕೊಳ್ಳಬಹುದು ಎಂಬುದಕ್ಕೆ ಸಾಮತಿಯಲ್ಲಿ ಮಿತಿ ಹೇಳಿಲ್ಲ. ಸಾಹುಕಾರನ ಲೆಕ್ಕದಲ್ಲಿ ತನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಬರಗಾಲದ ಕೈಸರಿಯದಲ್ಲಿ ಬೆಸಿಲ್ ಎತ್ತಿ ತೋರಿಸಿದ್ದು ಆ ತಪ್ಪನ್ನು.