ಐವತ್ತೈದು ಅಡಿಯ ಕಾಲು ಮೈಲಿ

ಅಮೆರಿಕದ ಡ್ರ್ಯಾಗ್ ರೇಸ್ ಎಂದರೆ ತಿರುವುಗಳೇ ಇಲ್ಲದ ಓಟ. ಎರಡು ಕಾರು, ಎರಡು ನೇರ ಪಟ್ಟಿ, ಕಾಲು ಮೈಲಿ ದೂರ. ಹಸಿರು ದೀಪ ಬೆಳಗಿದ ಕೂಡಲೇ ಹೊರಟು ಮೊದಲು ಗೆರೆ ದಾಟಿದವನೇ ಗೆದ್ದವನು. ಕಾಲು ಮೈಲಿ ಅಂದರೆ 1320 ಅಡಿ. ಇದನ್ನು 24ರಿಂದ ಭಾಗಿಸಿದರೆ 55 ಅಡಿ. ಕಾರನ್ನೂ ಅದೇ ಲೆಕ್ಕದಲ್ಲಿ ಅಂಗೈ ಅಗಲಕ್ಕೆ ಇಳಿಸಿ, ಪೆಟ್ರೋಲ್ ಎಂಜಿನ್ನಿನ ಬದಲು ಪುಟ್ಟ ವಿದ್ಯುತ್ ಮೋಟಾರು ಕೂರಿಸಿ, 55 ಅಡಿಯ ಹಲಗೆಯ ಮೇಲೆ ಓಡಿಸುವ ಹವ್ಯಾಸವೊಂದು ಅಲ್ಲಿದೆ. ಅದರ ಹೆಸರು ಸ್ಲಾಟ್ ಕಾರ್ ಡ್ರ್ಯಾಗ್ ರೇಸಿಂಗ್. ಈ ಪುಟ್ಟ ಕಾರುಗಳನ್ನು ಗಂಟೆಗಟ್ಟಲೆ ಕೂತು ಕಟ್ಟುವವರಲ್ಲಿ ತಲೆ ನರೆತವರೇ ಬಹಳ. ಅವರು ಆಯ್ದುಕೊಳ್ಳುವ ಮಾದರಿಗಳಲ್ಲಿ ಹೆಚ್ಚಿನವು 1964ರಿಂದ 1972ರೊಳಗಿನವು. ಅವರ ಯೌವನದ ಕಾಲದ ‘ಮಸಲ್ ಕಾರು’ಗಳು.

ಇದು ದೊಡ್ಡವರ ಮಕ್ಕಳಾಟ ಎಂದು ನಕ್ಕು ಮುಂದೆ ಹೋಗಬಹುದು. ಆದರೆ ಆ ಅಂಗೈ ಅಗಲದ ಕಾರಿನೊಳಗೆ ಒಂದು ಉದ್ಯಮದ, ಒಂದು ನಗರದ ಮತ್ತು ಒಂದು ಎಣ್ಣೆಯ ಚರಿತ್ರೆ ಅಡಗಿದೆ. ಆ ಎಣ್ಣೆಯ ಚರಿತ್ರೆ ನಮ್ಮ ಕರಾವಳಿಯ ಮನೆಗಳಿಗೂ ಬಂದು ಮುಟ್ಟಿದೆ.

ನಿಯಮದ ಕಣ್ಣು ತಪ್ಪಿಸಿದ ಕಾರು

ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್‌ನಂತಹ ಒಣಗಿದ ಕೆರೆಗಳ ಗಟ್ಟಿ ನೆಲದಲ್ಲಿ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಬಿಚ್ಚಿ, ಹಗುರ ಮಾಡಿ ಓಡಿಸುವುದು ಎರಡನೇ ಮಹಾಯುದ್ಧಕ್ಕೂ ಮುಂಚಿನ ರೂಢಿ. ಯುದ್ಧ ಮುಗಿಸಿ ಬಂದ ಸೈನಿಕರ ಕೈಯಲ್ಲಿ ಯಂತ್ರವಿದ್ಯೆ ಇತ್ತು, ಜೇಬಿನಲ್ಲಿ ಒಂದಿಷ್ಟು ಹಣವಿತ್ತು. ಓಟ ಕೆರೆಯಿಂದ ಬೀದಿಗೆ ಬಂತು, ಬೀದಿಯಲ್ಲಿ ಅಪಘಾತಗಳೂ ಆದವು. ಈ ಹುಚ್ಚನ್ನು ಬೀದಿಯಿಂದ ಬಿಡಿಸಿ ಕಟ್ಟುಪಾಡಿಗೆ ತರಲು ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಮೊದಲು ಬಾವುಟ ಬೀಸಿ ಓಟ ಬಿಡುತ್ತಿದ್ದರು. 1963ರಲ್ಲಿ ದೀಪಗಳ ಕಂಬ ಬಂತು. ಬಣ್ಣದ ದೀಪಗಳಿದ್ದುದರಿಂದ ಅದಕ್ಕೆ ‘ಕ್ರಿಸ್‌ಮಸ್ ಮರ’ ಎಂಬ ಹೆಸರು ಬಿತ್ತು.

ಅದೇ ವರ್ಷದ ಆರಂಭದಲ್ಲಿ ಜನರಲ್ ಮೋಟಾರ್ಸ್ ಕಂಪನಿ ತನ್ನ ಎಲ್ಲ ವಿಭಾಗಗಳಿಗೆ ರೇಸಿನ ಸಹವಾಸ ಬೇಡವೆಂದು ಆಜ್ಞೆ ಮಾಡಿತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಇಡಬಾರದೆಂಬ ಕಟ್ಟಳೆಯೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಉಪಾಯ ಹುಡುಕಿದರು. ಕಟ್ಟಳೆ ಇದ್ದದ್ದು ಕಾರಿನ ಮಾದರಿಗೆ. ಗಿರಾಕಿ ಬೇಡಿ ಹಾಕಿಸಿಕೊಳ್ಳುವ ಹೆಚ್ಚುವರಿ ಸಾಮಾನಿಗಲ್ಲ. ಟೆಂಪೆಸ್ಟ್ ಲೆಮಾನ್ಸ್ ಎಂಬ ಸಾಧಾರಣ ಕಾರಿಗೆ, ಸುಮಾರು 300 ಡಾಲರ್ ಹೆಚ್ಚಿಗೆ ಕೊಟ್ಟರೆ, 389 ಘನ ಇಂಚಿನ ದೊಡ್ಡ ಎಂಜಿನ್ ಸಿಗುತ್ತದೆ ಎಂದು ಪಟ್ಟಿಯಲ್ಲಿ ಸೇರಿಸಿದರು. ಫೆರಾರಿಯಿಂದ ಎರವಲು ತಂದ ಜಿಟಿಒ ಎಂಬ ಹೆಸರಿಟ್ಟರು. 5,000 ಹೋದರೆ ಸಾಕು ಎಂದುಕೊಂಡಿದ್ದರು. 1964ರ ಮಾದರಿಯೇ 32,450 ಮಾರಾಟವಾಯಿತು.

ಉಳಿದ ಕಂಪನಿಗಳು ಸುಮ್ಮನಿರಲಿಲ್ಲ. 1964ರ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟಾಂಗ್ ಬಂತು, 1966ರಲ್ಲಿ ಡಾಡ್ಜ್ ಚಾರ್ಜರ್, 1968ರಲ್ಲಿ ಪ್ಲಿಮತ್ ರೋಡ್ ರನ್ನರ್. ಕ್ರೈಸ್ಲರ್ ಕಂಪನಿಯ 426 ಘನ ಇಂಚಿನ ‘ಹೆಮಿ’ ಎಂಜಿನ್ ಅಂದರೆ ಏಳು ಲೀಟರ್; ಕಾಗದದ ಮೇಲೆ 425 ಅಶ್ವಶಕ್ತಿ. ಪೆಟ್ರೋಲ್ ಗ್ಯಾಲನ್ನಿಗೆ ಸುಮಾರು 30 ಸೆಂಟ್. ಕಾರ್ಖಾನೆ ಕೆಲಸಗಾರನ ಮಗನೂ ಕಂತಿನಲ್ಲಿ ಇಂಥ ಕಾರು ಕೊಳ್ಳಬಹುದಿತ್ತು. ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ರಾತ್ರಿ ಹೊತ್ತು ಒಂದು ಸಿಗ್ನಲ್‌ನಿಂದ ಇನ್ನೊಂದು ಸಿಗ್ನಲ್‌ವರೆಗೆ ಪಂದ್ಯ ನಡೆಯುತ್ತಿತ್ತು.

ಸೀಳಿನಲ್ಲಿ ಓಡುವ ಕಾರು

ಸ್ಲಾಟ್ ಕಾರಿನ ಕತೆ ಇದಕ್ಕೆ ಸಮಾನಾಂತರವಾಗಿ ನಡೆದದ್ದು. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಕೀಲಿ ಕೊಡುವ ತಗಡಿನ ಕಾರುಗಳಿಗೆ ವಿದ್ಯುತ್ ಮೋಟಾರು ಹಾಕಿ 1957ರಲ್ಲಿ ‘ಸ್ಕೇಲೆಕ್ಸ್‌ಟ್ರಿಕ್’ ಹೊರತಂದರು. ಅಮೆರಿಕದಲ್ಲಿ 1960ರಲ್ಲಿ ಅರೋರಾ ಕಂಪನಿ ಇನ್ನೂ ಸಣ್ಣ ಕಾರುಗಳನ್ನು ಮನೆಮನೆಗೆ ಮುಟ್ಟಿಸಿತು. ಕೆಲವೇ ವರ್ಷಗಳಲ್ಲಿ ಗಂಟೆಗಿಷ್ಟು ಎಂದು ಹಣ ಕೊಟ್ಟು ಆಡುವ ದೊಡ್ಡ ಟ್ರ್ಯಾಕ್‌ಗಳ ಅಂಗಡಿಗಳು ಊರೂರಲ್ಲಿ ಎದ್ದವು. ಎದ್ದ ವೇಗದಲ್ಲೇ 1967-68ರ ಹೊತ್ತಿಗೆ ಬಹುಪಾಲು ಬಾಗಿಲು ಹಾಕಿದವು. ಉಳಿದವರು ನಿಜವಾಗಿ ಕೈಕೆಲಸ ಪ್ರೀತಿಸುವವರು.

ಇದರ ಯಂತ್ರ ಸರಳ. ಹಲಗೆಯಲ್ಲಿ ಉದ್ದಕ್ಕೆ ಒಂದು ಸೀಳು, ಅದರ ಎರಡೂ ಬದಿಗೆ ಲೋಹದ ಪಟ್ಟಿ, ಪಟ್ಟಿಯಲ್ಲಿ ಸಾಧಾರಣವಾಗಿ 12 ವೋಲ್ಟಿನ ವಿದ್ಯುತ್. ಕಾರಿನ ಮೂತಿಯ ಕೆಳಗಿನ ನಾಲಿಗೆಯೊಂದು ಸೀಳಿನೊಳಗೆ ಕೂರುತ್ತದೆ. ಅದರ ಇಕ್ಕೆಲದ ತಾಮ್ರದ ಎಳೆಗಳು ಪಟ್ಟಿಯನ್ನು ಸವರುತ್ತ ಮೋಟಾರಿಗೆ ವಿದ್ಯುತ್ ಕೊಡುತ್ತವೆ. ಕೈಯಲ್ಲಿರುವ ಕುದುರೆಯನ್ನು ಒತ್ತಿದಷ್ಟು ವೇಗ.

ಸರಳವಾದದ್ದರಲ್ಲೇ ಪಟ್ಟುಗಳಿರುವುದು. ಹಿತ್ತಾಳೆ ಪಟ್ಟಿ, ಉಕ್ಕಿನ ಗಟ್ಟಿ ತಂತಿಗಳನ್ನು ಬೆಸೆದು ಚಾಸಿ ಕಟ್ಟಬೇಕು. ಒಂದು ಕೂದಲೆಳೆ ಓರೆಯಾದರೂ ಕಾರು ನೇರ ಓಡದು. ಹಿಂದಿನ ಚಕ್ರಕ್ಕೆ ಮೆದು ಸ್ಪಂಜು ರಬ್ಬರು ಅಂಟಿಸಿ ದುಂಡಗೆ ಉಜ್ಜಬೇಕು. ಕಾರು ಹಾರಿ ಹೊರಡುವಾಗ ಭಾರವೆಲ್ಲ ಹಿಂದಕ್ಕೆ ಬಂದು ಮೂತಿ ಮೇಲೇಳುತ್ತದೆ. ನಾಲಿಗೆ ಸೀಳಿನಿಂದ ಹೊರಬಿದ್ದರೆ ವಿದ್ಯುತ್ ಕಡಿದು ಕಾರು ಅಲ್ಲೇ ಸಾಯುತ್ತದೆ. ಅದಕ್ಕೆಂದೇ ಹಿಂಬದಿಗೆ ಪುಟ್ಟ ಗಾಲಿಗಳ ಊರೆಕೋಲು ಕಟ್ಟುತ್ತಾರೆ. ನಿಜವಾದ ಡ್ರ್ಯಾಗ್ ಕಾರಿನಲ್ಲೂ ಇಂಥದ್ದೇ ಇರುತ್ತದೆ. ಗೇರಿನ ಲೆಕ್ಕವೂ ಹಾಗೆಯೇ. ಹೊರಡುವ ಎಳೆತಕ್ಕೆ ಒಲಿಸಿದರೆ ಅರ್ಧ ದಾರಿಯಲ್ಲೇ ಮೋಟಾರಿನ ವೇಗ ಮುಗಿಯುತ್ತದೆ. ತುದಿಯ ವೇಗಕ್ಕೆ ಒಲಿಸಿದರೆ ಹೊರಡುವಾಗಲೇ ಹಿಂದೆ ಬೀಳುತ್ತದೆ.

ಇನ್ನು ಮೋಟಾರು. ನಮ್ಮಲ್ಲಿ ಪಂಪ್‌ಸೆಟ್ ಸುಟ್ಟರೆ ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತೇವಲ್ಲ, ಅದೇ ವಿದ್ಯೆ ಇಲ್ಲಿ ಬೆರಳ ತುದಿಯ ಗಾತ್ರದಲ್ಲಿ ನಡೆಯುತ್ತದೆ. ಹಳೆಯ ಸುರುಳಿ ಬಿಚ್ಚಿ, ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತುತ್ತಾರೆ. ವಿದ್ಯುತ್ ಹೆಚ್ಚು ಹರಿಯುತ್ತದೆ, ವೇಗ ಏರುತ್ತದೆ, ಕಾವೂ ಏರುತ್ತದೆ. ಆಸೆ ಅತಿಯಾದರೆ ಸುಟ್ಟ ವಾಸನೆ ಬರುತ್ತದೆ. ಇಷ್ಟೆಲ್ಲ ದುಡಿಮೆ ಕೆಲವೇ ಕ್ಷಣಗಳ ಓಟಕ್ಕೆ.

ಮೇಲಿನ ಮೈಗೆ ಹವ್ಯಾಸಿಗಳು ಹಳೆಯ ಪ್ಲಾಸ್ಟಿಕ್ ಕಿಟ್‌ಗಳನ್ನೂ ಬಳಸುತ್ತಾರೆ. ಕಾರು ಕಂಪನಿಗಳೇ ಒಂದು ಕಾಲದಲ್ಲಿ ಷೋರೂಮುಗಳಿಗಾಗಿ ಇಂಥ ಪುಟ್ಟ ಮಾದರಿಗಳನ್ನು ಮಾಡಿಸುತ್ತಿದ್ದವು. ಆಟಿಕೆಯೂ ರೇಸೂ ಒಂದಕ್ಕೊಂದು ಬೇರೆಯಾಗಿ ಇರಲೇ ಇಲ್ಲ. 1970ರಲ್ಲಿ ‘ಹಾವು’ ಎಂದು ಹೆಸರಾದ ಡಾನ್ ಪ್ರುಡೋಮ್, ‘ಮುಂಗುಸಿ’ ಎಂದು ಹೆಸರಾದ ಟಾಮ್ ಮೆಕ್‌ಯುವನ್ ಇಬ್ಬರಿಗೂ ಹಣ ಹೂಡಿದ್ದು ಹಾಟ್ ವೀಲ್ಸ್ ಆಟಿಕೆಯ ಮ್ಯಾಟೆಲ್ ಕಂಪನಿ.

ನೆನಪಿನಲ್ಲಿ ಯಾರಿಲ್ಲ?

ಈ ಹಿರಿಯರ ನೆನಪುಗಳಲ್ಲಿ ಬಣ್ಣವಿದೆ, ಶಬ್ದವಿದೆ, ಅಶ್ವಶಕ್ತಿಯ ಅಂಕಿಗಳಿವೆ. ಕಾರನ್ನು ಕೊಂಡವರು, ಓಡಿಸಿದವರು, ಗೆದ್ದವರು ಇದ್ದಾರೆ. ಅದನ್ನು ಜೋಡಿಸಿದವರು ಮಾತ್ರ ಅಪರೂಪ.

1970ರ ಡಾಡ್ಜ್ ಚಾಲೆಂಜರ್, ಪ್ಲಿಮತ್ ಬ್ಯಾರಕೂಡಾ ಕಾರುಗಳು ತಯಾರಾದದ್ದು ಡೆಟ್ರಾಯಿಟ್‌ಗೆ ಅಂಟಿದ ಹ್ಯಾಮ್‌ಟ್ರ್ಯಾಮ್ಕ್‌ನ ‘ಡಾಡ್ಜ್ ಮೇನ್’ ಕಾರ್ಖಾನೆಯಲ್ಲಿ. ದಕ್ಷಿಣದ ರಾಜ್ಯಗಳಿಂದ ಬಂದ ಕರಿಯ ಕಾರ್ಮಿಕರು, ಪೋಲಿಷ್ ವಲಸಿಗರು, ಯೆಮನ್ನಿನಂಥ ಅರಬ್ ನಾಡುಗಳಿಂದ ಬಂದವರು ಅಲ್ಲಿ ದುಡಿದರು. ಡೆಟ್ರಾಯಿಟ್ ಸುತ್ತಿನಲ್ಲಿ ಅರಬರ ಬದುಕು ಹೊಸದೇನಲ್ಲ. ಫೋರ್ಡ್ ಕಾರ್ಖಾನೆಯಿದ್ದ ಹೈಲ್ಯಾಂಡ್ ಪಾರ್ಕ್‌ನಲ್ಲಿ 1921ರಲ್ಲೇ ಮಸೀದಿ ಎದ್ದಿತ್ತು. 1967ರ ಜುಲೈಯಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದಾಗ 43 ಮಂದಿ ಸತ್ತರು. ಮರುವರ್ಷ ಡಾಡ್ಜ್ ಮೇನ್‌ನ ಕರಿಯ ಕಾರ್ಮಿಕರು, ಸಾಲಿನ ವೇಗ ಮಿತಿಮೀರಿ ಹೆಚ್ಚಿಸುವುದನ್ನೂ ಬಣ್ಣಭೇದವನ್ನೂ ವಿರೋಧಿಸಿ ತಮ್ಮದೇ ಸಂಘಟನೆ ಕಟ್ಟಿದರು. ವೇಗವೆಂಬ ಮಾತಿಗೆ ಓಟದ ಪಟ್ಟಿಯಲ್ಲಿ ಒಂದರ್ಥ, ಕಾರ್ಖಾನೆಯ ಸಾಲಿನಲ್ಲಿ ಇನ್ನೊಂದರ್ಥ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. 1950ರಲ್ಲಿ 18 ಲಕ್ಷಕ್ಕೂ ಮಿಕ್ಕಿದ ಜನರಿದ್ದ ಡೆಟ್ರಾಯಿಟ್‌ನಲ್ಲಿ 2020ರ ಗಣತಿಗೆ ಸಿಕ್ಕವರು 6.4 ಲಕ್ಷ.

ಎಣ್ಣೆಯ ಎರಡು ಮುಖ

ಮಸಲ್ ಕಾರನ್ನು ಅರಬರ ಎಣ್ಣೆ ಕೊಂದಿತು ಎಂದು ಅಲ್ಲಿ ಸಲೀಸಾಗಿ ಹೇಳುವವರಿದ್ದಾರೆ. ಇದು ಅರ್ಧ ಸತ್ಯ. ಲೆಬನಾನಿನಿಂದ ಬಂದ ದಂಪತಿಯ ಮಗ ರಾಲ್ಫ್ ನೇಡರ್ 1965ರಲ್ಲೇ ಪುಸ್ತಕ ಬರೆದು ಕಾರು ಕಂಪನಿಗಳು ಸುರಕ್ಷತೆಯನ್ನು ಕಡೆಗಣಿಸಿದ್ದನ್ನು ಬಯಲಿಗೆಳೆದಿದ್ದರು. 1970ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು. ವಿಮಾ ಕಂಪನಿಗಳು ಬಿಸಿರಕ್ತದ ಹುಡುಗರ ದೊಡ್ಡ ಎಂಜಿನ್ನಿಗೆ ದುಬಾರಿ ಕಂತು ಹಾಕಿದವು. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದಲೆಂದು 1971ರಲ್ಲಿ ಜನರಲ್ ಮೋಟಾರ್ಸ್ ಎಂಜಿನ್ನುಗಳ ಒತ್ತಡವನ್ನು ಇಳಿಸಿತು. ಹೀಗೆ ಕಾರು ಹಾಸಿಗೆ ಹಿಡಿದಾಗಿತ್ತು. 1973ರ ಅಕ್ಟೋಬರ್ ಯುದ್ಧದಲ್ಲಿ ಅಮೆರಿಕ ಇಸ್ರೇಲಿಗೆ ಶಸ್ತ್ರ ಒದಗಿಸಿದಾಗ ಅರಬ್ ರಾಷ್ಟ್ರಗಳು ಎಣ್ಣೆ ನಿಲ್ಲಿಸಿದವು. ಪೀಪಾಯಿಗೆ ಸುಮಾರು ಮೂರು ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. ಮೊದಲ ಮಸಲ್ ಕಾರೆಂದು ಹೆಸರಾದ ಜಿಟಿಒ 1974ಕ್ಕೆ ನಿಂತಿತು.

ನಮ್ಮಲ್ಲೂ ಪೆಟ್ರೋಲ್ ಬೆಲೆ ಏರಿತು. ಅದನ್ನು ವಿರೋಧಿಸಿ ಅಟಲ್ ಬಿಹಾರಿ ವಾಜಪೇಯಿ 1973ರ ನವೆಂಬರ್‌ನಲ್ಲಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಆದರೆ ಅದೇ ಬೆಲೆಯೇರಿಕೆಯ ಹಣ ಕೊಲ್ಲಿ ರಾಷ್ಟ್ರಗಳಲ್ಲಿ ರಸ್ತೆ, ಬಂದರು, ಕಟ್ಟಡಗಳಾಗಿ ಎದ್ದಿತು. ಅವುಗಳನ್ನು ಕಟ್ಟಲು ಕೈಗಳು ಬೇಕಾದವು. ಭಟ್ಕಳ, ಉಡುಪಿ, ಮಂಗಳೂರು ಸೀಮೆಯ ಸಾವಿರಾರು ಯುವಕರು ಹೊರಟರು. ವುಡ್‌ವರ್ಡ್ ಅವೆನ್ಯೂದಲ್ಲಿ ಒಂದು ಯುಗವನ್ನು ಮುಗಿಸಿದ ಬೆಲೆ ನಮ್ಮ ಕರಾವಳಿಯಲ್ಲಿ ಹಂಚಿನ ಮನೆಗಳಿಗೆ ತಾರಸಿ ಹಾಕಿಸಿತು, ಅಣ್ಣ ತಮ್ಮಂದಿರ ಫೀಸು ಕಟ್ಟಿತು. ವರ್ಷಗಟ್ಟಲೆ ಗಂಡನ ಮುಖ ಕಾಣದ ಹೆಂಡತಿಯರನ್ನೂ ಉಳಿಸಿತು. ಮರಳುಗಾಡಿನ ಆ ಕಟ್ಟಡಗಳ ಗೋಡೆಗಳ ಮೇಲೂ ಕಟ್ಟಿದವರ ಹೆಸರಿಲ್ಲ.

ಚರಿತ್ರೆಯ ಹಾದಿ ಓಟದ ಪಟ್ಟಿಯಷ್ಟು ನೇರವಲ್ಲ ಎಂಬುದಕ್ಕೆ ಡಾನ್ ಗಾರ್ಲಿಟ್ಸ್ ಸಾಕ್ಷಿ. ಡ್ರ್ಯಾಗ್ ರೇಸಿನ ಈ ದಿಗ್ಗಜ 1970ರ ಮಾರ್ಚಿನಲ್ಲಿ ತನ್ನ ಕಾರಿನ ಗೇರುಪೆಟ್ಟಿಗೆ ಸಿಡಿದು ಪಾದದ ಒಂದು ಭಾಗ ಕಳೆದುಕೊಂಡರು. ಆಗಿನ ಕಾರುಗಳಲ್ಲಿ ಚಾಲಕ ಎಂಜಿನ್ನಿನ ಹಿಂದೆ ಕೂರುತ್ತಿದ್ದ. ಗಾರ್ಲಿಟ್ಸ್ ಆಸ್ಪತ್ರೆಯಿಂದ ಬಂದು ಎಂಜಿನ್ನನ್ನೇ ಚಾಲಕನ ಹಿಂದಕ್ಕೆ ಸರಿಸಿದ ಕಾರು ಕಟ್ಟಿ 1971ರಲ್ಲಿ ಗೆದ್ದರು. ಇತರರೂ ಆ ದಾರಿ ಹಿಡಿದರು. ಎಷ್ಟೋ ಜೀವ ಉಳಿಯಿತು. ಇದೇ ಗಾರ್ಲಿಟ್ಸ್ 2014ರಲ್ಲಿ, 82ರ ವಯಸ್ಸಿನಲ್ಲಿ, ವಿದ್ಯುತ್ ಡ್ರ್ಯಾಗ್ ಕಾರಿನಲ್ಲಿ ಗಂಟೆಗೆ 180 ಮೈಲಿ ದಾಟಿ ಓಡಿದರು. 2023ರಲ್ಲಿ ಡಾಡ್ಜ್ ಚಾಲೆಂಜರ್‌ನ ಪೆಟ್ರೋಲ್ ಕಾರು ನಿಂತಿತು. ಮರುವರ್ಷ ಅದೇ ಕಂಪನಿಯ ಚಾರ್ಜರ್ ವಿದ್ಯುತ್ ಕಾರಾಗಿ ಬಂತು. ಸ್ಲಾಟ್ ಕಾರು ಕಟ್ಟುವವರು ಅರವತ್ತು ವರ್ಷದಿಂದ ಓಡಿಸುತ್ತಿದ್ದದ್ದು ವಿದ್ಯುತ್ ಕಾರನ್ನೇ ಅಲ್ಲವೇ?

ಹಳೆಯದನ್ನು ನೆನೆಯುವುದು ತಪ್ಪಲ್ಲ. ಕೈಯಿಂದ ಬೆಸೆದು, ಉಜ್ಜಿ, ಸುತ್ತಿ ನೆನೆಯುವವರ ನೆನಪಿಗೆ ಬರಿಯ ಬಾಯಿಮಾತಿಗಿಲ್ಲದ ತೂಕವಿದೆ. ಒಂದು ವಸ್ತುವನ್ನು ಮಾಡುವುದು ಎಷ್ಟು ಕಷ್ಟವೆಂದು ಅವರ ಬೆರಳುಗಳಿಗೆ ಗೊತ್ತು. ಹಾಗಾಗಿಯೇ, ಪುಟ್ಟ ಬ್ಯಾರಕೂಡಾದ ಬಾಗಿಲ ಮೇಲೆ ಓಟಗಾರನ ಹೆಸರನ್ನು ಭೂತಗನ್ನಡಿ ಹಿಡಿದು ಬರೆಯುವವರು ಡಾಡ್ಜ್ ಮೇನ್‌ನ ಹೆಸರನ್ನೂ ಎಲ್ಲಾದರೂ ಒಂದು ಮೂಲೆಯಲ್ಲಿ ಬರೆದರೆ, ಆ 55 ಅಡಿಯ ಚರಿತ್ರೆ ಪೂರ್ಣವಾಗುತ್ತದೆ.