ಅಜ್ಜನ ಗುಂಡಿನ ಅಚ್ಚು

ತೀರ್ಥಹಳ್ಳಿಯ ಕಡೆ ಇರುವ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಕಬ್ಬಿಣದ ಒಂದು ಇಕ್ಕಳವಿದೆ. ಕಂಡವರು ಅಡಕತ್ತರಿಯೆಂದೇ ತಿಳಿಯುತ್ತಾರೆ. ಅದರ ಬಾಯಿಯ ಎರಡು ಹೋಳುಗಳಲ್ಲೂ ಅರ್ಧ ಗೋಲಿಯಷ್ಟು ಗುಳಿ. ಮುಚ್ಚಿ ಹಿಡಿದು, ಮೇಲಿನ ಕಂಡಿಯಿಂದ ಕರಗಿದ ಸೀಸವನ್ನು ಹೊಯ್ದರೆ ಒಂದು ಗುಂಡು ಸಿದ್ಧ. ಗುಳಿಯ ಒಳಗೆ ಅರ ತಿಕ್ಕಿದ ಗೀರುಗಳಿವೆ. ಅವುಗಳ ಮಾತು ಆಮೇಲೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟದ ಮನೆಗಳಲ್ಲಿ ಮಂಗ, ಹಂದಿಗಳ ಕಾಟಕ್ಕೆಂದು ಕೇಪಿನ ಕೋವಿ ಇಡುವುದು ಹಳೆಯ ವಾಡಿಕೆ. ಅಜ್ಜನ ಕೋವಿಯ ಬಾಯಿಗೆ ಈ ಅಚ್ಚಿನ ಗುಂಡನ್ನಿಟ್ಟರೆ ಅದು ಲೊಡಲೊಡನೆ ಅಲ್ಲಾಡುತ್ತಿತ್ತು. ಅಚ್ಚು ಬೇರೆ ಕೋವಿಯದಿರಬೇಕೆಂದು ಹುಡುಗನಾಗಿದ್ದ ನಾನು ಕೇಳಿದಾಗ, "ಬಿಗಿಯಾಗಬೇಕಾದ್ದು ಗುಂಡಲ್ಲವೋ ಮಾರಾಯ, ಕತ್ತ" ಎಂದಿದ್ದರು ಅಜ್ಜ. ಮದ್ದಿನ ಮೇಲೊಂದು, ಗುಂಡಿನ ಮೇಲೊಂದು ತೆಂಗಿನ ನಾರಿನ ಉಂಡೆ ಜಡಿದರೆ ಸಂದು ಮುಚ್ಚುತ್ತಿತ್ತು.

ಕಾರಣವಿಲ್ಲದೆ ಇಲ್ಲ. ಕರಿಮದ್ದು ಉರಿದಾಗ ತೂಕದ ಅರ್ಧಕ್ಕೂ ಮಿಕ್ಕಿದ ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ಹೊಗೆಯೊಡನೆ ಹೋಗುತ್ತದೆ, ಮಿಕ್ಕದ್ದು ನಳಿಗೆಯ ಒಳಮೈಗೆ ಕಿಟ್ಟವಾಗಿ ಅಂಟುತ್ತದೆ. ನಾಲ್ಕಾರು ಈಡು ಹಾರಿಸುವುದರಲ್ಲಿ ದಾರಿ ಕಿರಿದಾಗುತ್ತದೆ. ಬಿಗಿ ಗುಂಡು ಆಗ ನಡುವೆಯೇ ಸಿಕ್ಕಿಬೀಳುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಹೀಗೆ ಜಾಗ ಉಳಿದ ಕೋವಿಗೆ ಬೆಂಕಿ ತಾಗಿದರೆ ನಳಿಗೆಯೇ ಸೀಳಬಹುದು.

ಇಂಗ್ಲಿಷರು ನಳಿಗೆಯನ್ನು ಅಳೆದದ್ದೂ ಗುಂಡಿನಿಂದಲೇ. ಒಂದು ಪೌಂಡು ಸೀಸದಿಂದ ನಳಿಗೆಗೆ ಸರಿಯಾದ 12 ಗುಂಡು ಆಗುವುದಾದರೆ ಅದು 12 ನಂಬರಿನ ಕೋವಿ, ಅಗಲ 0.729 ಅಂಗುಲ; 16 ಆದರೆ 0.662. ನಂಬರು ಏರಿದಂತೆ ಕೋವಿ ಕಿರಿದಾಗುತ್ತದೆ. ಇದಕ್ಕೆ ಪೇಟೆಯ ನೆಂಟರೊಬ್ಬರು ನನ್ನೊಡನೆ ಒಂದು ಸಂಜೆಯಿಡೀ ವಾದ ಮಾಡಿದ್ದುಂಟು!

ಕಂಪನಿಯ ಸಿಪಾಯಿಗಳ ಕೋವಿಯ ಬಾಯಿ ಸುಮಾರು 0.75 ಅಂಗುಲ, ಗುಂಡು ಸುಮಾರು 0.69. ಬೇಗ ತುಂಬಬಹುದು, ಗುರಿ ಅಷ್ಟಕ್ಕಷ್ಟೆ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಹೊಸನಗರದ ಪಕ್ಕದ ಬಿದನೂರು ನಗರವನ್ನು ಹಿಡಿದು, ಅದೇ ವರ್ಷ ಟಿಪ್ಪುವಿಗೆ ಶರಣಾದದ್ದು ಇಂಥ ಸಡಿಲ ಗುಂಡುಗಳ ಕಾಲದಲ್ಲಿ. ಅದೇ ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಕೊಳವೆಯೇ ಹಾರುವ ಆ ಆಯುಧಕ್ಕೆ ಗುಂಡಿನ ಅಳತೆಯ ಗೊಡವೆಯೇ ಇಲ್ಲ. ಮುಂದೆ ಎನ್‌ಫೀಲ್ಡ್ ಕೋವಿ ಬಂದಾಗ, ತೋಟೆ ಸಲೀಸಾಗಿ ಇಳಿಯಲೆಂದು ಕಾಗದಕ್ಕೆ ಬಳಿದ ಜಿಡ್ಡು 1857ರಲ್ಲಿ ಏನು ಮಾಡಿತೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಈ ನಿಯಮ ತಲೆಕೆಳಗಾಗುವುದು ಹಳೆಯ ರಿವಾಲ್ವರಿನಲ್ಲಿ. ಕೋಲ್ಟ್ ಕಂಪನಿಯ 1851ರ ಮಾದರಿಗೆ 0.36 ಎಂದು ಹೆಸರು. ಅದಕ್ಕೆ ಹಾಕುವ ಗುಂಡು 0.375 ಅಂಗುಲ. ಮದ್ದು ಗುಂಡುಗಳನ್ನು ತುಂಬುವುದು ನಳಿಗೆಯ ಬಾಯಿಂದಲ್ಲ, ತಿರುಗುವ ಉರುಳೆಯ ಮನೆಗಳಿಗೆ ನೇರವಾಗಿ. ಸನ್ನೆಕೋಲಿನಿಂದ ಒತ್ತಿದಾಗ ಸೀಸದ ತೆಳ್ಳನೆಯ ಬಳೆಯೊಂದು ಹೆರೆದು ಬಂದರೆ ಗುಂಡು ಸರಿಯಾಗಿ ಕೂತಿತೆಂದು ಅರ್ಥ. ಸಡಿಲವಾದರೆ ಒಂದು ಮನೆ ಹಾರಿದ ಅದುರಿಗೆ ಮತ್ತೊಂದರ ಗುಂಡು ಮುಂದೆ ಜಾರಿ ಉರುಳೆ ತಿರುಗದೆ ನಿಲ್ಲುತ್ತದೆ. ಇಲ್ಲವೇ ಕಿಡಿ ಒಳನುಗ್ಗಿ ಅಕ್ಕಪಕ್ಕದ ಮನೆಗಳೂ ಒಮ್ಮೆಗೇ ಹಾರುತ್ತವೆ.

ಸಾಗರದಲ್ಲಿ ಓದುತ್ತಿದ್ದ ನನ್ನ ಚಿಕ್ಕಪ್ಪ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಈ ಸಂಗತಿ ಓದಿ ರಜೆಗೆ ಊರಿಗೆ ಬಂದರು. ಗುಂಡು ಬಾಯಿಗಿಂತ ದಪ್ಪವಿರಬೇಕೆಂಬುದಷ್ಟೇ ತಲೆಯಲ್ಲಿ ಉಳಿದಿತ್ತು. ಅದು ರಿವಾಲ್ವರಿನ ಮಾತೆಂಬುದು ಉಳಿದಿರಲಿಲ್ಲ. ಅಜ್ಜ ಪೇಟೆಗೆ ಹೋದ ದಿನ ಅರ ಹಿಡಿದು ಅಚ್ಚಿನ ಗುಳಿಯನ್ನು ಹಿಗ್ಗಿಸಿ, ಗುಂಡು ಎರೆದು, ಸುತ್ತಿಗೆಯಿಂದ ಬಡಿದು ನಳಿಗೆಗೆ ಇಳಿಸಿದರು. ಅದು ಅರ್ಧದಲ್ಲೇ ನಿಂತಿತ್ತು. ಮದ್ದಿನವರೆಗೆ ಇಳಿಯಿತೆಂದು ಅವರು ನಂಬಿದ್ದರು.

ಎಡಗೈಯ ಎರಡು ಬೆರಳು ಹೋದವು. ಸೀಳಿದ ಕೋವಿಯನ್ನು ಅಜ್ಜ ಠಾಣೆಗೆ ಒಪ್ಪಿಸಿ ಬಂದರು; ಆ ವಿಷಯವಾಗಿ ಮಗನಿಗೆ ಒಂದು ಮಾತೂ ಆಡಲಿಲ್ಲ. ಚಿಕ್ಕಪ್ಪ ಕೊನೆಯವರೆಗೂ ಉಳಿದ ಬೆರಳುಗಳಲ್ಲೇ ಅಡಿಕೆ ಹಿಡಿದು ಸುಲಿಯುತ್ತಿದ್ದರು. ಅಚ್ಚನ್ನು ಗುಜರಿಗೆ ಹಾಕೋಣವೆಂದು ನಾನು ಎರಡು ಸಲ ಹೇಳಿದೆ. ಎರಡು ಸಲವೂ ಅವರು ಅದನ್ನು ಒರೆಸಿ, ಎಣ್ಣೆ ಸವರಿ, ಮತ್ತೆ ಅಟ್ಟಕ್ಕೇ ಇಟ್ಟರು.