ಹಂದಿ ಲಾಡಿಹುಳು
ಟೀನಿಯಾ ಸೋಲಿಯಂ. ಸರಿಯಾಗಿ ಬೇಯದ ಹಂದಿಮಾಂಸದ ಮೂಲಕ ಮನುಷ್ಯನ ಕರುಳು ಸೇರಿ 2ರಿಂದ 7 ಮೀಟರ್ ಬೆಳೆಯುವ ಪರೋಪಜೀವಿ. ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯದ ಹಲವೆಡೆ ಇದೆ.

ಹುಳುವಿಗಿಂತ ಅದರ ಮೊಟ್ಟೆಯೇ ಅಪಾಯಕಾರಿ. ಹುಳುವಿರುವವರು ಶೌಚದ ನಂತರ ಕೈ ತೊಳೆಯದೆ ಅಡುಗೆ ಮುಟ್ಟಿದರೆ ಮೊಟ್ಟೆ ಉಣ್ಣುವವರ ಹೊಟ್ಟೆ ಸೇರುತ್ತದೆ. ಮರಿ ರಕ್ತದೊಂದಿಗೆ ಮಿದುಳು ತಲುಪಿ ಗುಳ್ಳೆ ಕಟ್ಟುತ್ತದೆ. ಹುಳುವಿರುವ ದೇಶಗಳ ಪ್ರವಾಸ ಮುಗಿದು ವರ್ಷಗಳಾದ ಮೇಲೂ ಫಿಟ್ಸ್ ಕಾಣಿಸಿಕೊಳ್ಳಬಹುದು. ಮೊಟ್ಟೆ ಯಾವ ಊಟದಲ್ಲೂ ಇರಬಹುದಾದ್ದರಿಂದ ಸಸ್ಯಾಹಾರಿ ಪ್ರವಾಸಿಗರೂ ನಿಶ್ಚಿಂತರಾಗಿರುವಂತಿಲ್ಲ. 1990-91ರಲ್ಲಿ ನ್ಯೂಯಾರ್ಕಿನಲ್ಲಿ ಹಂದಿಮಾಂಸ ಮುಟ್ಟದ ಸಂಪ್ರದಾಯಸ್ಥ ಯೆಹೂದಿಗಳಿಗೇ ಈ ಸೋಂಕು ತಗುಲಿತ್ತು. ಹುಳುವಿದ್ದ ಮನೆಗೆಲಸದವರಿಂದ ಬಂದಿರಬಹುದೆಂದು ತನಿಖೆ ಸೂಚಿಸಿತು.

ಕರುಳಿನ ಹುಳುವಿಗೆ ಪ್ರಾಜಿಕ್ವಾಂಟೆಲ್ ಮಾತ್ರೆಯುಂಟು. ಮಿದುಳಿನಲ್ಲಿ ಗುಳ್ಳೆಯಿದ್ದರೆ ಅದೇ ಮಾತ್ರೆ ಊತ ತಂದು ಫಿಟ್ಸ್ ಬರಿಸಬಹುದು. ವೈದ್ಯರನ್ನು ಕೇಳದೆ ನುಂಗಬಾರದು.